ಹುಮನಾಬಾದ್ ರಸ್ತೆಯ ಬಿಸಿಲು

ಬಿಸಿಲಿಗೆ ಮನುಷ್ಯನ ಬುದ್ಧಿ ಕೆಡುತ್ತದೆ. ಬುದ್ಧಿ ಕೆಟ್ಟಲ್ಲಿ ಏನಾದರೂ ಒಂದು ನಡೆಯುತ್ತದೆ. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ರಸ್ತೆ ಹಾಸಿದ ಬೇಸಿಗೆಯಲ್ಲಿ ದಿನಕ್ಕೊಂದು ನಡೆಯಿತು. ಆಗ ಆ ಊರಿಗೆ ಬರೀ ಕಲ್ಯಾಣಿ ಅನ್ನುತ್ತಿದ್ದರು. ನಗು ಬರುವಂಥವನ್ನಷ್ಟೇ ಬರೆಯುತ್ತೇನೆ. ಉಳಿದವು ಬೇಡ.

ದೊಡ್ಡ ಲಡಾಯಿಯ ಕಾಲ. ನಾನು ಖಡಿ ಒಡೆಯುವವರ ಮುಕಾದಮ. ಗಂಡಸರು, ಹೆಂಗಸರು ಸೇರಿ ಇಪ್ಪತ್ತು ಮಂದಿ ನನ್ನ ಕೈಕೆಳಗೆ. ಕರಿಕಲ್ಲು ಒಡೆಯುವುದು, ಹಾಸುವುದು. ರಸ್ತೆ ಅಗಲವಾಗಲೆಂದು ಬದಿಯ ಬೇವಿನ ಮರಗಳನ್ನು ನಾವೇ ಮೊದಲು ಕಡಿದಿದ್ದೆವು. ಒಂದು ಉಳಿದಿತ್ತು. ಅದರ ಕೆಳಗೆ ಗುತ್ತೇದಾರನ ಪರವಾಗಿ ಕೆಲಸ ನೋಡಿಕೊಳ್ಳುವ ಸಾಬರ ಡೇರೆ.

ನಮ್ಮಪ್ಪ ವೈಶಾಖ ಬಂದರೆ ಬಿಸಿಲಿಗೆ ಹೆದರುತ್ತಿದ್ದ. ನಾನು ಚೈತ್ರಕ್ಕೇ ಹೆದರತೊಡಗಿದೆ. ಆ ವರ್ಷ ಹೋಳಿಯ ಬೂದಿ ಆರುವ ಮೊದಲೇ ಹೆದರಿದೆ. ಯುಗಾದಿಯಾಗಿ ವಾರ ಕಳೆದಿರಲಿಲ್ಲ, ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿಯಾಗಿದ್ದವನು ಸುತ್ತಿಗೆ ಹಿಡಿದುಕೊಂಡೇ ಕೂತ. ಕೂತವನು ಏಳಲಿಲ್ಲ. ಮೈಮೇಲೆ ಒಂದು ಹನಿ ಬೆವರಿಲ್ಲ. ಮುಟ್ಟಿದರೆ ಕಾದ ಹಂಚು.

ಸಾಬರ ಹತ್ತಿರ ಹೋದೆ.

"ಹನ್ನೆರಡರಿಂದ ಮೂರರ ತನಕ ಮಂದೀನ ನೆರಳಿಗೆ ಕೂಡಸ್ತೀನ್ರಿ."

"ಮಳಿಗಿಂತ ಮೊದಲ ರಸ್ತಾ ಮುಗೀಬೇಕು. ಬಿಸಲು ನಿಮಗೇನು ಹೊಸಾದಾ?"

ತಿರುಗಿ ಬಂದೆ. ಉಳಿದ ಹತ್ತೊಂಬತ್ತು ಮಂದಿಯನ್ನು ಮುಂಗಾರಿನ ಮಿರಗದ ಮಳೆ ಬೀಳುವವರೆಗೆ ಜೀವಂತ ಇಡಬೇಕು. ನನಗೆ ಬೇರೆ ಯೋಚನೆ ಇರಲಿಲ್ಲ. ಯಾರ ಬೆವರು ನಿಂತಿತು ಎಂದು ದಿನವಿಡೀ ಮೈ ನೋಡುತ್ತಿದ್ದೆ. ಸಂಜೆ ತಲೆ ಎಣಿಸುತ್ತಿದ್ದೆ. ಎರಡು ಸಲ.

ಉಳ್ಳಾಗಡ್ಡಿ

ತಲೆಯ ಮೇಲೆ ಉಳ್ಳಾಗಡ್ಡಿ ಇದ್ದರೆ ಬಿಸಿಲು ಬಡಿಯುವುದಿಲ್ಲ ಅನ್ನುವುದು ನಮ್ಮ ಕಡೆಯ ನಂಬಿಕೆ. ಸತ್ತವನ ರುಮಾಲಿನಲ್ಲಿ ಅದು ಇರಲಿಲ್ಲ ಎಂದು ಯಾರೋ ಅಂದರು. ಮರುದಿನ ಎಲ್ಲರ ರುಮಾಲಿನಲ್ಲೂ ಒಂದೊಂದು. ಹೆಂಗಸರ ಸೆರಗಿನ ಗಂಟಿನಲ್ಲೂ ಒಂದೊಂದು. ನನ್ನ ರುಮಾಲಿನಲ್ಲಿ ಎರಡು.

ಬುತ್ತಿ ಬಿಚ್ಚಿದರು. ಒಣ ರೊಟ್ಟಿ. ಹಚ್ಚಿಕೊಳ್ಳಲು ಏನೂ ಇಲ್ಲ. ನಿರ್ಣಾ ಎಂಬ ಹಳ್ಳಿಯಿಂದ ಬಂದ ಆಳೊಬ್ಬ ರುಮಾಲಿಗೆ ಕೈ ಹಾಕಿದ. ಉಳ್ಳಾಗಡ್ಡಿಯನ್ನು ಕಲ್ಲಿನ ಮೇಲಿಟ್ಟು ಗುದ್ದಿದ. ತಿಂದ. ಅವನನ್ನು ನೋಡಿ ಎಲ್ಲರೂ ತಿಂದರು. ತಿಂದಾದ ಮೇಲೆ ಸೂರ್ಯನನ್ನು ನೋಡಿದರು. ಯಾರೂ ಏಳಲೊಲ್ಲರು.

"ಮುಕಾದಮರ, ಈಗ ಹ್ಯಾಂಗ್ರಿ?" ಅಂದ ನಿರ್ಣಾದವ.

"ಹೊಟ್ಟ್ಯಾಗ ಇದ್ರೂ ಕಾಯ್ತದ. ಏಳ್ರಿ."

"ಹೊಟ್ಟಿ ಕಾಯ್ತದರಿ. ತಲಿ?"

ನನ್ನ ಎರಡರಲ್ಲಿ ಒಂದನ್ನು ತೆಗೆದು ಕೊಟ್ಟೆ. ಅಂಗೈಯಲ್ಲಿಟ್ಟುಕೊಂಡು ನೋಡಿದ.

"ನಿಮ್ಮ ಕಡಿ ಉಪ್ಪು ಅದ ಏನ್ರಿ?"

ಯಾರ ನೀರು

ನೀರಿನ ಗಡಿಗೆ ಎರಡು. ಊರಿನವರದೊಂದು, ಕೇರಿಯವರದೊಂದು. ಇವರದನ್ನು ಅವರು ಮುಟ್ಟುವ ಹಾಗಿಲ್ಲ, ಅವರದನ್ನು ಇವರು ಕುಡಿಯುವ ಹಾಗಿಲ್ಲ. ಒಂದು ಮಧ್ಯಾಹ್ನ ಊರಿನವರ ಗಡಿಗೆ ಬರಿದಾಯಿತು. ತುಂಬಿಕೊಂಡು ಬರಲು ಹೋದವರು ಇನ್ನೂ ದೂರದಲ್ಲಿದ್ದರು.

ಅಷ್ಟರಲ್ಲಿ ಊರಿನವರ ಪೈಕಿ ನಿರ್ಣಾದವ ಬಿದ್ದ. ಮೈ ಒಣಗಿತ್ತು. ಕಣ್ಣು ಮೇಲಕ್ಕೆ ಹೋಗಿದ್ದವು. ಕೇರಿಯ ಮುದುಕಿ ಒಬ್ಬಳಿದ್ದಳು, ಎಲ್ಲರೂ ಆಯಿ ಅನ್ನುತ್ತಿದ್ದರು. ಅವಳು ಸುತ್ತಿಗೆ ಬಿಸಾಕಿ ತಮ್ಮ ಗಡಿಗೆಯನ್ನೇ ಎತ್ತಿ ತಂದಳು. ತಲೆಗೆ, ಎದೆಗೆ, ಬಗಲಿಗೆ ಸುರಿದಳು. ಬಾಯಿಗೂ ಬಿಟ್ಟಳು.

ಬಹಳ ಹೊತ್ತಿಗೆ ಕಣ್ಣು ಬಿಟ್ಟ. ತುಟಿ ನೆಕ್ಕಿದ. ಗಡಿಗೆ ನೋಡಿದ. ಆಯಿಯನ್ನು ನೋಡಿದ.

"ಯಾರ ನೀರು ಹಾಕಿದ್ರಿ ನನಗ?"

"ಬೀಳೂ ಮುಂದ ಕೇಳಲಿಲ್ಲ, ಎದ್ದ ಮ್ಯಾಲ ಕೇಳ್ತಿ?" ಅಂದಳು ಆಯಿ. "ತಪ್ಪಾತಪ್ಪಾ. ಮತ್ತ ಬೀಳು. ನಿಮ್ಮ ನೀರು ಬರೋತನ ಬಿದ್ದಿರು."

ಅವನು ಸ್ವಲ್ಪ ಯೋಚಿಸಿದ. ಇನ್ನೊಂದು ಬೊಗಸೆ ಹಾಕು ಎಂದು ಕೈ ಒಡ್ಡಿದ.

ಹಕೀಮರ ಕಿಟಕಿ

ಎಚ್ಚರವೇನೋ ಬಂತು. ಕಾಲು ನಿಲ್ಲಲಿಲ್ಲ. ಗಾಡಿಯಲ್ಲಿ ಮಲಗಿಸಿ ಹುಮನಾಬಾದಿನ ಹಕೀಮರೊಬ್ಬರ ಮನೆಗೆ ಒಯ್ದೆ. ಇಡೀ ದಾರಿ ಬಿಸಿಲು. ಎತ್ತುಗಳ ಪಕ್ಕದಲ್ಲೇ ನಾನೂ ಓಡಿದೆ.

ಹಕೀಮರು ಕಿಟಕಿಗೆ ಲಾಮಂಚದ ತಟ್ಟಿ ಕಟ್ಟಿಸಿ, ನೀರು ಹೊಡೆಸಿ ಒಳಗೆ ಕೂತಿದ್ದರು. ಬಾಗಿಲು ಬಡಿದೆ.

"ಬಾಗಲಾ ತೆಗ್ಯಂಗಿಲ್ಲ. ಝಳ ಒಳಗ ಬರ್ತದ," ಅಂದರು. "ಕಿಟಕ್ಯಾಗ ಕೈ ಹಾಕು, ನಾಡಿ ನೋಡ್ತೀನಿ."

ಕಿಟಕಿ ಎತ್ತರ. ರೋಗಿ ನನ್ನ ಹೆಗಲಿಗೆ ಜೋತುಬಿದ್ದಿದ್ದ. ಮೊದಲು ತಟ್ಟಿ ಸರಿಸೋಣವೆಂದು ನಾನು ಕೈ ತೂರಿಸಿದೆ. ಒಳಗಿನಿಂದ ಗಬಕ್ಕನೆ ಹಿಡಿದರು.

"ಹಕೀಮಸಾಬ, ಇದು..."

"ಮಾತಾಡಬ್ಯಾಡ. ನಾಡಿ ತಪ್ಪತದ."

ಸುಮ್ಮನಾದೆ. ಆಮೇಲೆ ನಿಟ್ಟುಸಿರು ಕೇಳಿಸಿತು.

"ಭಾಳ ತಡಾ ಮಾಡಿ ತಂದೀರಿ. ರಕ್ತ ಕುದ್ಯಾಕತ್ತದ. ಸಂಜಿ ದಾಟಿದ್ರ ದೇವರ ಕೃಪಾ."

ನೋಡಿದ್ದು ನನ್ನ ನಾಡಿ. ಕಿಟಕಿಯಿಂದ ಮಾವಿನಕಾಯಿ ಪಾನಕದ ಲೋಟ ಹೊರಗೆ ಬಂತು. ಪೂರ್ತಿ ನಾನೇ ಕುಡಿದೆ. ನಾಚಿಕೆಯಾಗಲಿಲ್ಲ.

ಹೋಗುವಾಗ ಅವನು ಮಲಗಿದ್ದ, ನಾನು ಗಾಡಿ ಹೊಡೆದೆ. ಬರುವಾಗ ನಾನು ಮಲಗಿದೆ, ಅವನು ಹೊಡೆದ. ಮಾಣಿಕನಗರದ ಹತ್ತಿರ ಗಾಡಿ ನಿಲ್ಲಿಸಿ ಮಠದ ಕಡೆ ಕೈ ಮುಗಿದ. ಕಣ್ಣಲ್ಲಿ ನೀರು.

"ಮುಕಾದಮರನ್ನ ಸಂಜಿತನ ಆದ್ರೂ ಉಳಸೋ ನಮ್ಮಪ್ಪಾ. ನಂದು ಇವತ್ತಿನ ಹಾಜರಿ ಇನ್ನಾ ಹಾಕಿಲ್ಲ."

ಸಾಬರ ಕಡ್ಡಿ

ಸಂಜೆ ದಾಟಿತು. ಬದುಕಿದೆ. ಮರುದಿನ ಮತ್ತೆ ಸಾಬರ ಡೇರೆಗೆ ಹೋದೆ. ಅವರ ಕೈಯಲ್ಲಿ ಒಂದು ಗಾಜಿನ ಕಡ್ಡಿ ಇತ್ತು. ಒಳಗೆ ಪಾದರಸ.

"ಗುತ್ತೇದಾರರು ಹೈದರಾಬಾದಿನಿಂದ ಕಳಸ್ಯಾರ. ಬಿಸಲು ಎಷ್ಟದ ಅಂತ ಇದು ಹೇಳ್ತದ. ಪಾದರಸ ಈ ಗೀಟಿಗೆ ಬಂತಂದ್ರ ಕೆಲಸ ಬಂದ್. ಬರಲಿಲ್ಲಂದ್ರ ನನ್ನ ಕೂಡ ಮಾತಾಡಬ್ಯಾಡ."

ಡೇರೆಯೊಳಗೆ, ಒದ್ದೆ ತಟ್ಟಿಯ ಪಕ್ಕ, ತಮ್ಮ ತಲೆದಿಂಬಿನ ಮೇಲೆ ಅದನ್ನು ತೂಗುಹಾಕಿದರು. ನಾಲ್ಕು ದಿನ ಪಾದರಸ ಗೀಟಿನ ಹತ್ತಿರವೂ ಸುಳಿಯಲಿಲ್ಲ. ಆ ನಾಲ್ಕು ದಿನದಲ್ಲಿ ಹೊರಗೆ ಇನ್ನಿಬ್ಬರು ಬಿದ್ದರು. ಹೇಗೋ ಎಬ್ಬಿಸಿದೆವು.

ಐದನೆಯ ದಿನ ಆಯಿ ಡೇರೆಯ ಬಾಗಿಲಿಗೆ ಹೋಗಿ ನಿಂತಳು.

"ಸಾಬರ, ನಿಮ್ಮ ಕಡ್ಡಿ ಭಾಳ ಸುಖದಾಗ ಬೆಳದದ. ಒಂದಿನ ನಮ್ಮ ಕೂಡ ಕೆಲಸಕ್ಕ ಕಳಸ್ರಿ."

ಸಾಬರಿಗೆ ನಗು ಬಂತು. "ಒಯ್ರಿ," ಅಂದರು. ಛತ್ರಿ ಹಿಡಿದು ತಾವೂ ಬಂದರು.

ಆಯಿ ಕಡ್ಡಿಯನ್ನು ತನ್ನ ಕರಿಕಲ್ಲಿನ ರಾಶಿಯ ಮೇಲೆ ಮಲಗಿಸಿದಳು. ನಡು ಮಧ್ಯಾಹ್ನ. ಎಲೆ ಅಡಿಕೆ ಅಗಿದು ಉಗುಳುವಷ್ಟರಲ್ಲಿ ಪಾದರಸ ಗೀಟು ದಾಟಿತು.

"ದಾಟಿತ್ರಿ," ಅಂದೆ.

"ತಡಿ. ಕಲ್ಲಿನ ಕಾವಿಗೆ ಏರ್ತದ. ಇಳೀತದ," ಅಂದರು ಸಾಬರು.

ಇಳಿಯಲಿಲ್ಲ. ತುದಿ ಮುಟ್ಟಿತು. ಟಪ್ ಅಂದಿತು. ಗಾಜು ಒಡೆದು ಪಾದರಸ ಕಲ್ಲಿನ ಸಂದಿಗೆ ಓಡಿಹೋಯಿತು.

ಹತ್ತೊಂಬತ್ತು ಸುತ್ತಿಗೆಗಳೂ ನಿಂತವು. ಸಾಬರ ಮುಖ ಬೆಳ್ಳಗಾಯಿತು. ಅವರು ಹೆದರಿದ್ದನ್ನು ಅವತ್ತೇ ಮೊದಲು ಕಂಡೆ. ಮನುಷ್ಯ ಸತ್ತಾಗ ಅವರು ಕಾಗದದಲ್ಲಿ ಹೊಟ್ಟೆನೋವು ಎಂದು ಬರೆದು ಮುಗಿಸಿದ್ದರು. ಕಡ್ಡಿಗೆ ಹೊಟ್ಟೆ ಇಲ್ಲ.

"ಗುತ್ತೇದಾರರಿಗೆ ಏನಂತ ಬರೀಲೋ ಈಗ?"

"ಬಿಸಲಿಗೆ ಸತ್ತಿತು ಅಂತ ಬರೀರಿ," ಅಂದೆ.

ಬೇರೆ ದಾರಿ ಇರಲಿಲ್ಲ. ಬರೆದರು.

ವಾರಕ್ಕೆ ಹೊಸ ಕಡ್ಡಿ ಬಂತು. ಜೊತೆಗೆ ಗುತ್ತೇದಾರನ ಹುಕುಂ. ಸಾಬರು ಎಲ್ಲರ ಮುಂದೆ ಓದಿದರು. ಕಡ್ಡಿ ನಾಜೂಕಾದ ಸಾಮಾನು. ಹನ್ನೆರಡರಿಂದ ಮೂರು ಗಂಟೆಯವರೆಗೆ ಅದನ್ನು ಬಿಸಿಲಿಗೆ ಒಯ್ಯಕೂಡದು. ಕಡ್ಡಿ ಪಕ್ಕದಲ್ಲಿಲ್ಲದೆ ಮಂದಿಯಿಂದ ಕೆಲಸ ತೆಗೆಯಕೂಡದು.

ಓದಿ ನಿಂತರು. ಇನ್ನೊಮ್ಮೆ ಓದಿದರು. ಆಮೇಲೆ ನಮಗಾಗಿ ಡೇರೆಯ ಪರದೆ ಎತ್ತಿ ಹಿಡಿದರು.

ಅಂದಿನಿಂದ ಮಿರಗದ ಮಳೆಯವರೆಗೆ ಪ್ರತಿ ಮಧ್ಯಾಹ್ನ ಆ ಬೇವಿನ ನೆರಳಿನಲ್ಲಿ, ಕಡ್ಡಿಯ ಸುತ್ತ, ಹತ್ತೊಂಬತ್ತು ಮಂದಿ ಕೂತರು. ಹತ್ತೊಂಬತ್ತೂ ಉಳಿದರು. ಆಯಿ ಮಾತ್ರ ಸುಮ್ಮನೆ ಕೂಡುತ್ತಿರಲಿಲ್ಲ. ಸೆರಗಿನಿಂದ ಕಡ್ಡಿಗೆ ಗಾಳಿ ಹಾಕುತ್ತಿದ್ದಳು.

"ಅದಕ್ಕ್ಯಾಕ ಗಾಳಿ ಹಾಕ್ತಿ ಆಯಿ?" ಅಂದೆ.

"ಜ್ವಾಕಿ ಮಾಡಬೇಕಪ್ಪಾ. ಇದು ಸತ್ರ ಕೇಳೋರು ಅದಾರ."