ಇಬ್ಬರಿಲ್ಲದ ಮನೆಗೆ ಚೀಟಿಯಿಲ್ಲ

ನನ್ನ ಚಿಕ್ಕಪ್ಪ ಮನುಷ್ಯರನ್ನು ಮನುಷ್ಯರೆಂದು ನೋಡಿದ್ದನ್ನು ನಾನಂತೂ ಕಂಡಿಲ್ಲ! ತೊಂಬತ್ತರ ದಶಕದ ಮೊದಲಲ್ಲಿ ಅವರ ಬೊಂಬಾಯಿ ಆಫೀಸಿಗೆ ಕಂಪ್ಯೂಟರ್ ಬಂತು, ಜೊತೆಗೆ ಪಟ್ಟಿಗಳಿಂದ ಬೇಕಾದ್ದನ್ನು ಸೋಸಿ ತೆಗೆಯುವ ಎಸ್‌ಕ್ಯೂಎಲ್ ಎಂಬ ಭಾಷೆಯೂ ಬಂತು. ಅಂದಿನಿಂದ ಜಗತ್ತೆಲ್ಲ ಅವರಿಗೆ ಸೋಸಬೇಕಾದ ದಾಖಲೆ. ಆಂಟಾಪ್ ಹಿಲ್‌ನ ಮನೆಯಲ್ಲಿ ಚಿಕ್ಕಮ್ಮ ಮೊರ ಹಿಡಿದು ಕೂತರೆ ಸಾಕು, ಚಿಕ್ಕಪ್ಪನ ಪಾಠ ಶುರು.

“ಕಲ್ಲು ಆರಿಸ್ತಿದ್ದೀಯಲ್ಲ, ಅದು ‘ವೇರ್’. ಒಂದೊಂದೇ ನೋಡಿ ಬಿಸಾಕೋದು. ಡಬ್ಬಗಳಿಗೆ ಬೇರೆಬೇರೆ ತುಂಬೋದು ‘ಗ್ರೂಪ್ ಬೈ’. ಅರ್ಧಾನೂ ತುಂಬದ ಡಬ್ಬ ತೆಗೆದಿಡೋದು ‘ಹ್ಯಾವಿಂಗ್’.”

“ಕುಕ್ಕರ್ ಕೂಗ್ತಿದೆ, ಎದ್ದು ಆರಿಸೋದಕ್ಕೆ ಏನಂತಾರ್ರೀ?” ಎಂದರು ಚಿಕ್ಕಮ್ಮ.

ನಮ್ಮ ಕನ್ನಡ ಸಂಘದ ಯುಗಾದಿ ಊಟಕ್ಕೆ ಮನೆಗೊಂದು ಕರೆಚೀಟಿ. ಸದಸ್ಯರ ಪಟ್ಟಿಯನ್ನು ಚಿಕ್ಕಪ್ಪ ಕಂಪ್ಯೂಟರಿಗೆ ಏರಿಸಿ ಅದಕ್ಕೊಂದು ಆಜ್ಞೆ, ಅವರ ಮಾತಲ್ಲಿ ‘ಕ್ವೆರಿ’, ಬರೆದರು: ವಿಳಾಸದ ಪ್ರಕಾರ ಗುಂಪು ಮಾಡು, ಇಬ್ಬರಿಗಿಂತ ಕಡಿಮೆ ಇರುವ ಗುಂಪು ಬಿಡು. ಒಂಟಿ ಬ್ರಹ್ಮಚಾರಿಗಳು ಹೋಳಿಗೆ ಬುಟ್ಟಿಯನ್ನೇ ಬರಿದು ಮಾಡುತ್ತಾರಂತೆ! ಕಾಂದಿವಲಿಯ ಬಾಡಿಗೆ ಖೋಲಿಯಲ್ಲಿ ಒಬ್ಬನೇ ಇದ್ದ ನನಗೆ ಚೀಟಿ ಬರಲಿಲ್ಲ. ಸ್ವಂತ ಅಣ್ಣನ ಮಗನಿಗೆ!

“ಷರತ್ತು ಅಂದ್ರೆ ಷರತ್ತು ಕಣೋ. ಕುಟುಂಬ ಅಂದ್ರೆ ಕನಿಷ್ಠ ಇಬ್ರು.”

“ಅನ್ನ ಹಾಕೋದಕ್ಕೆ ಎಂಥಾ ಷರತ್ತು, ನಿಮ್ಮ ತಲೆ!” ಎಂದ ಚಿಕ್ಕಮ್ಮ, ಊಟ ಮುಗಿಸಿ ಬರುವಾಗ ಸೆರಗಿನ ಮರೆಯಲ್ಲಿ ನನಗೆ ನಾಲ್ಕು ಹೋಳಿಗೆ ತಂದಿದ್ದರು.

ಆ ಮಳೆಗಾಲದಲ್ಲಿ ಚಿಕ್ಕಮ್ಮ ಹೋಗಿಬಿಟ್ಟರು. ಎರಡೇ ದಿನದ ಜ್ವರ. ವೈಕುಂಠ ಸಮಾರಾಧನೆ ಮುಗಿಸಿ ಆಫೀಸಿಗೆ ಹೋದ ಚಿಕ್ಕಪ್ಪ ಮೊದಲು ಮಾಡಿದ ಕೆಲಸವೇನು ಗೊತ್ತೇ? ಸಂಘದ ಪಟ್ಟಿಯಿಂದ ಚಿಕ್ಕಮ್ಮನ ಹೆಸರು ಅಳಿಸಿದ್ದು. ಎಂಥ ಕಲ್ಲು ಮನಸ್ಸಪ್ಪಾ ಎಂದು ಬೈದುಕೊಂಡೆ.

ಮತ್ತೆ ಯುಗಾದಿ ಹತ್ತಿರ ಬಂತು. ಚೀಟಿಗಳೆಲ್ಲ ಅಚ್ಚಾದವು; ಒಬ್ಬರೇ ಉಳಿದ ಚಿಕ್ಕಪ್ಪನ ಮನೆಗೂ ಈ ಸಲ ಚೀಟಿಯಿಲ್ಲ. ಸಂಘದ ಕಾರ್ಯದರ್ಶಿ ಕೈಯಲ್ಲೇ ಬರೆದುಕೊಡಲು ಹೋದರೆ ಚಿಕ್ಕಪ್ಪನೇ ಬೇಡವೆಂದರಂತೆ. ಸುದ್ದಿ ತಿಳಿದು ನಾನು ಹೋದಾಗ ಮೊರದಲ್ಲಿ ಒಂದು ಹಿಡಿ ಅಕ್ಕಿ ಹಾಕಿಕೊಂಡು ಕೂತಿದ್ದರು.

“ಕ್ವೆರಿ ಸರಿಯಾಗೇ ಇದೆ ಕಣೋ. ನಾನೇ ಬರೆದದ್ದಲ್ವಾ?”

“ನನ್ನ ವಿಳಾಸ ಇಲ್ಲಿಗೆ ಬದಲಾಯಿಸಿ ಚಿಕ್ಕಪ್ಪ. ಇಬ್ಬರಾಗ್ತೀವಿ.”

“ನೀನಿರೋದು ಕಾಂದಿವಲಿಯಲ್ಲಿ. ಸುಳ್ಳು ದಾಖಲೆ ನಾನು ಹಾಕಲ್ಲ.”

ಹಠಮಾರಿ! ಸಿಟ್ಟು, ಸಂಕಟ ಎರಡೂ ಒಟ್ಟಿಗೆ ಬಂದು ಸ್ಟೇಷನ್ನಿಗೆ ದಡದಡ ನಡೆದುಬಿಟ್ಟೆ. ಸಂಜೆ ಟ್ರಂಕು, ಹಾಸಿಗೆ ಹೊತ್ತು, ಲೋಕಲ್ ರೈಲಿನಲ್ಲಿ ಕಂಡಕಂಡವರ ಕೈಲೆಲ್ಲ ಬೈಸಿಕೊಂಡು ವಾಪಸು ಬಂದು ಬಾಗಿಲು ಬಡಿದೆ.

ಚಿಕ್ಕಪ್ಪ ಟ್ರಂಕು ನೋಡಿದರು, ನನ್ನನ್ನು ನೋಡಿದರು. ಒಳಗೆ ಹೋಗಿ ಮೊರಕ್ಕೆ ಇನ್ನೊಂದು ಪಾವು ಅಕ್ಕಿ ಸುರಿದರು.

“ಕುಕ್ಕರ್ ಕೂಗಿದ್ರೆ ನೀನೇ ಎದ್ದು ಆರಿಸ್ಬೇಕು ಕಣೋ,” ಎಂದರು. ಕಣ್ಣು ಅಕ್ಕಿಯ ಮೇಲೇ ಇತ್ತು, ತುಂಬಿತ್ತು.