ಫರ್ಸಿ ಮೇಲೆ ಒಂದು ಹನಿ ಲೆನ್ಸ್

ಸೇಡಂ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ನನಗೆ ನಗುವುದಕ್ಕೆಂದು ಬೇರೆ ಕಡೆ ಹೋಗುವ ಅಗತ್ಯವೇ ಬಿದ್ದಿಲ್ಲ. ಲ್ಯಾಬಿನ ಬಾಗಿಲು ತೆಗೆದರೆ ಸಾಕು.

೧. ಸೇಡಂ ಸ್ವಭಾವ

ಆರು ತಿಂಗಳು ಒದ್ದಾಡಿ ನಾನು ಮತ್ತು ವಿದ್ಯಾರ್ಥಿಗಳು ಜೋಳದ ಕಾಳಿನಷ್ಟು ಲೆನ್ಸ್ ಮಾಡಿದ್ದೆವು. ಮುಚ್ಚಿದ ಪುಟ್ಟ ಡಬ್ಬಿಯೊಳಗೆ ಹನಿ ನೀರು, ಮೇಲೆ ತೆಳು ಎಣ್ಣೆ, ಸುತ್ತ ಮೆತ್ತನೆಯ ಜೆಲ್ ಬಳೆ. ತಂಪಾದರೆ ಜೆಲ್ ಉಬ್ಬುತ್ತದೆ, ಬಿಸಿಯಾದರೆ ಕುಗ್ಗುತ್ತದೆ. ಅದರಂತೆ ಹನಿಯ ಆಕಾರ ಬದಲಾಗಿ ಫೋಕಸ್ ತಾನೇ ಸರಿಯುತ್ತದೆ. ಚಳಿಗಾಲದಲ್ಲಿ ಬೆರಳಿನ ಬಿಸಿಗೇ ಕುಣಿಯುತ್ತಿತ್ತು. ಏಪ್ರಿಲ್ ಬಂದದ್ದೇ ತಡ, ಕುಗ್ಗಿದ ಜೆಲ್ ಮತ್ತೆ ಏಳಲೇ ಇಲ್ಲ. ಅದೇ ವಾರ ಪತ್ರ ಬಂತು: ಅಧಿಕಾರಿಗಳು ಬಂದು ಲೆನ್ಸ್ ನೋಡುತ್ತಾರೆ, ಮೆಚ್ಚಿದರೆ ಲ್ಯಾಬ್ ಉಳಿಯುತ್ತದೆ, ಇಲ್ಲವಾದರೆ ಅದು ಮುರಿದ ಬೆಂಚುಗಳ ಗೋದಾಮು.

ಜವಾನ ಇಣುಕಿ ನೋಡಿದ. "ಇದರದೇನು ತಪ್ಪದರಿ ಸರ? ಈ ಬಿಸಿಲಾಗ ಹನ್ನೊಂದಕ್ಕೇ ನಾವೂ ಕುಗ್ತೀವಿ. ನಿಮ್ಮ ಲೆನ್ಸ್ ಪಕ್ಕಾ ಸೇಡಂದ್ದೇ ಬಿಡ್ರಿ."

೨. ಮಾರ್ಗದರ್ಶಕರು

ಕೂಲರ್ ಮುಂದಿಟ್ಟರೆ ಹನಿ ನಡುಗಿತು. ಗಡಿಗೆಯ ಮುಚ್ಚಳದ ಮೇಲಿಟ್ಟರೆ ನೀರು ಕುಡಿಯಲು ಬಂದವರೆಲ್ಲ ಎತ್ತಿ ಎತ್ತಿ ಇಟ್ಟರು. ಕೊನೆಗೆ ಜವಾನ ವರಾಂಡದ ಮೂಲೆಯ ಒದ್ದೆ ಶಹಾಬಾದ ಫರ್ಸಿ ತೋರಿಸಿದ. ಗಡಿಗೆಯ ಪಕ್ಕದ ಆ ಹಾಸುಗಲ್ಲಿನ ಮೇಲೆ ಕಾಲೇಜಿನ ನಾಯಿ ಮಲಗಿತ್ತು. "ತಂಪು ಎಲ್ಲದ ಅಂತ ಇದಕ್ಕ ಭಾಳ ಛಲೋ ಗೊತ್ತದರಿ."

ನಾಯಿಯನ್ನು ಎಬ್ಬಿಸಿ ಲೆನ್ಸ್ ಇಟ್ಟೆವು. ಸ್ವಲ್ಪ ಹೊತ್ತಿನಲ್ಲೇ ಡಬ್ಬಿಯ ತಳಕ್ಕೆ ಅಂಟಿಸಿದ್ದ ಚೀಟಿಯ ಅಕ್ಷರ ಸ್ಪಷ್ಟವಾಯಿತು. ನೋಡಲು ಬೋರಲು ಮಲಗಬೇಕು, ಅಷ್ಟೆ. ನಿಮ್ಮ ಸಂಶೋಧನೆಗೆ ಮಾರ್ಗದರ್ಶಕರು ಯಾರು ಎಂದು ಯಾರಾದರೂ ಕೇಳಿದರೆ ನಾನು ಈಗಲೂ ಮಾತು ಬದಲಿಸುತ್ತೇನೆ.

೩. ಸಾಹೇಬರ ವರದಿ

ಅಧಿಕಾರಿ ಸಾಹೇಬರು ಬಂದದ್ದು ಸುಡುಸುಡು ಮಧ್ಯಾಹ್ನ. ಪಾಪ, ದೊಡ್ಡ ಮನುಷ್ಯರು, ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ಫರ್ಸಿ ಮೇಲೆ ಬೋರಲು ಮಲಗಿ ಒಂದು ಕಣ್ಣು ಮುಚ್ಚಿದರು. ಅಷ್ಟರಲ್ಲಿ ಫರ್ಸಿಯೂ ಒಣಗಿ ಬಿಸಿಯಾಗಿತ್ತು.

"ಏನೂ ಕಾಣವಲ್ದಲ್ರಿ. ಬರೇ ಮಬ್ಬು."

ಲ್ಯಾಬ್ ಹೋಯಿತು ಅಂದುಕೊಂಡೆ. ಆಗಲೇ ಮೆಟ್ಟಿಲಿಳಿದು ಬಂದ ಪ್ರಿನ್ಸಿಪಾಲರು, ನೆಲದ ಮೇಲೆ ಬಿದ್ದ ಸಾಹೇಬರನ್ನು ಕಂಡು ಚೀರಿದರು: "ಅಯ್ಯಯ್ಯೋ, ಸಾಹೇಬ್ರಿಗಿ ಬಿಸಿಲು ಬಡದದ!" ನಾನು ಬಾಯಿ ತೆರೆಯುವ ಮೊದಲೇ ಗಡಿಗೆ ಎತ್ತಿ ತಲೆಯಿಂದ ಸೊಂಟದವರೆಗೆ ಸುರಿದೇಬಿಟ್ಟರು.

ಸಾಹೇಬರು ಏಳಲಿಲ್ಲ. ನೀರು ಫರ್ಸಿ ತುಂಬ ಹರಿಯಿತು. ಪ್ರಿನ್ಸಿಪಾಲರು ಗಾಳಿ ಬೀಸುತ್ತ, "ಉಸಿರಾಡಲಿಕತ್ತಾರೇನ್ರಿ?" ಎಂದರು. ನೆಲದಿಂದಲೇ ಉತ್ತರ ಬಂತು:

"ಕಾಣಲಿಕತ್ತದ! ಅಕ್ಷರ ಕಾಣಲಿಕತ್ತದ! ಇನ್ನೊಂದು ಗಡಿಗಿ ಹಾಕ್ರಿ!"

ಲ್ಯಾಬ್ ಉಳಿಯಿತು. ಆ ಖುಷಿಗೆ ನನ್ನ ಕಣ್ಣು ಒದ್ದೆಯಾದದ್ದು ನಿಜ. ವರದಿಯಲ್ಲಿ ಸಾಹೇಬರು ಲೆನ್ಸ್ ಬಗ್ಗೆ ಎರಡು ಒಳ್ಳೆಯ ಮಾತು ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದ್ದರು: "ಕಾಲೇಜಿನಲ್ಲಿ ನೀರಿನ ಸೌಕರ್ಯ ಅತ್ಯುತ್ತಮವಾಗಿದೆ."