ಫಿಲೋಮಿನಾಳ ಸಾಲಕ್ಕೆ ನನ್ನ ಅಡ್ಡಗಾಲು

ಯಾರದಾದರೂ ಸಾಲ ತೀರಿತೆಂದು ಕೇಳಿದಾಗ ಸಂತೋಷಪಡುವುದು ಮನುಷ್ಯರಾದವರಿಗೆ ಸಹಜ. ಆ ಸಾಲ ಕೊಟ್ಟವರು ನಾವೇ ಆಗಿದ್ದರಂತೂ ಕೇಳುವುದೇ ಬೇಡ. ನಮಗೆ ಸಂಬಂಧವಿಲ್ಲದ ಸಾಲವಾದರೂ “ಪಾಪ, ಅಂತೂ ಹಗುರಾದ” ಎಂದು ಒಂದು ಮಾತು ಹೇಳಿ ಮುಂದೆ ಹೋಗುತ್ತೇವೆ. ಹೀಗಿರುವಾಗ, ಒಬ್ಬಳ ಸಾಲ ಸದ್ಯಕ್ಕೆ ತೀರದಿರಲಿ, ಇನ್ನೊಂದೆರಡು ವರ್ಷ ಹೀಗೇ ಎಳೆಯಲಿ ಎಂದು ಊರ ದೇವರಿಗೆ ಕೈಮುಗಿದವಳು ನಾನೊಬ್ಬಳೇ ಇರಬೇಕು. ಅದೂ ಶತ್ರುವಿನ ಸಾಲವಲ್ಲ. ನನ್ನ ಜೊತೆ ಒಂದೇ ಮನೆಯಲ್ಲಿದ್ದು, ನನಗೆ ದಿನಕ್ಕೆರಡು ಹೊತ್ತು ಅನ್ನ ಬೇಯಿಸಿ ಹಾಕುತ್ತಿದ್ದವಳ ಸಾಲ.

ಅವಳ ಹೆಸರು ಫಿಲೋಮಿನಾ. ಯಲ್ಲಾಪುರದವಳು. ಶಿರಸಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಅವಳು ಎರಡನೇ ಇಯತ್ತೆಗೆ, ನಾನು ನಾಲ್ಕನೆಯದಕ್ಕೆ ಕಲಿಸುತ್ತಿದ್ದೆವು. ನಯೇ ಪೈಸೆ ಬಂದ ಹೊಸದು. ಆಣೆಗೆ ಆರು ಪೈಸೆ ಸರಿ, ನಾಲ್ಕಾಣೆಗೆ ಇಪ್ಪತ್ತೈದು ಹೇಗೆ ಎಂದು ಮಕ್ಕಳು ಕೇಳಿದರೆ ನಾನು ಅವರನ್ನು ಪಕ್ಕದ ಕೋಣೆಗೆ, ಅಂದರೆ ಫಿಲೋಮಿನಾಳ ಹತ್ತಿರ ಕಳಿಸುತ್ತಿದ್ದೆ. ಬೇರೆ ವಿಷಯಗಳಲ್ಲೂ ನನ್ನ ಪದ್ಧತಿ ಅದೇ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಲೆ ಹಚ್ಚುವವಳು ಅವಳು, ನೀರು ತರುವವಳು ಅವಳು, ಬೆಳಿಗ್ಗೆ ನನ್ನ ಹೊದಿಕೆ ಎಳೆದು “ಶಾಂತಕ್ಕ, ಏಳೂವರೆ” ಎಂದು ಎಬ್ಬಿಸುವವಳೂ ಅವಳೇ. ಬನವಾಸಿಯ ಕಿರಾಣಿ ಅಂಗಡಿಯವರ ಮಗಳಾದ ನಾನು ಅಡುಗೆಮನೆಯನ್ನು ಹೆಚ್ಚಾಗಿ ಬಾಗಿಲ ಹೊರಗಿನಿಂದಲೇ ನೋಡಿ ಬೆಳೆದವಳು. ನಮ್ಮದು ಲಿಂಗವಂತರ ಮನೆ ಎಂದು ಫಿಲೋಮಿನಾ ಮನೆಯೊಳಗೆ ಮೀನಿನ ಹೆಸರನ್ನೂ ಎತ್ತುತ್ತಿರಲಿಲ್ಲ. ಭಾನುವಾರ ಚರ್ಚಿನ ಪೂಜೆಗೆ ಹೋದವಳು ತನ್ನವರೊಬ್ಬರ ಮನೆಯಲ್ಲಿ ಊಟ ಮುಗಿಸಿ ಮಧ್ಯಾಹ್ನ ಬರುತ್ತಿದ್ದಳು. ಅಷ್ಟು ಹೊತ್ತು ನಾನು ಅವಲಕ್ಕಿ ತಿಂದುಕೊಂಡು, ಅವಳ ಧರ್ಮಕ್ಕಾಗಿ ನಾನು ಮಾಡುವ ತ್ಯಾಗ ಎಷ್ಟು ದೊಡ್ಡದು ಎಂದು ಯೋಚಿಸುತ್ತಿದ್ದೆ.

ಅವಳು ಮಾತ್ರ ವಿಪರೀತ ಹಿಡಿತದ ಹುಡುಗಿ. ಎರಡು ಬಿಳಿ ಸೀರೆ, ಒಂದು ನೀಲಿ ಸೀರೆ, ಮೂರು ಸಲ ಉಂಗುಷ್ಟ ಹಾಕಿಸಿದ ಒಂದು ಜೋಡು ಚಪ್ಪಲಿ. ಶಾಲೆ ಬಿಟ್ಟ ಮೇಲೆ ಎರಡು ಮನೆಗಳಲ್ಲಿ ಪಾಠ ಹೇಳುತ್ತಿದ್ದಳು, ಬಾಡಿಗೆ ಯಂತ್ರದಲ್ಲಿ ರವಿಕೆ ಹೊಲಿಯುತ್ತಿದ್ದಳು. ಇಷ್ಟೆಲ್ಲ ಯಾರಿಗಾಗಿ, ಮದುವೆಗೆ ಕೂಡಿಸುತ್ತಿದ್ದೀಯಾ ಎಂದು ಒಂದು ಸಂಜೆ ಕೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಲೇ, ತಾನು ಮದುವೆಯಾಗುವುದಿಲ್ಲ, ಕನ್ಯಾಸ್ತ್ರೀ ಆಗಬೇಕೆಂದಿದ್ದೇನೆ, ಆದರೆ ಸಾಲ ಇದೆ ಎಂದಳು.

ಸಾಲ ಓದಿನದು. ತಂದೆತಾಯಿ ಬೇಗ ತೀರಿಕೊಂಡಿದ್ದರು. ಅಣ್ಣ ಸಾಲ್ವದೋರ ಕಾಡಿನ ಮರದ ನಾಟಾ ಸಾಗಿಸುವ ಲಾರಿಯ ಡ್ರೈವರ್. ಅವನ ಸಂಬಳದಲ್ಲಿ ತಂಗಿಯನ್ನು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಎರಡು ವರ್ಷ ಇಡಲಾಗದೆ, ಅವರ ಸಮಾಜದ ಒಂದು ವಿದ್ಯಾನಿಧಿಯಿಂದ ಆರುನೂರು ರೂಪಾಯಿ ಎತ್ತಿದ್ದರು. ಬಡ್ಡಿಯಿಲ್ಲ, ಆದರೆ ನೌಕರಿ ಸಿಕ್ಕ ಮೇಲೆ ತೀರಿಸಲೇಬೇಕು. ದಕ್ಷಿಣದ ಕಡೆಯ ಒಂದು ಮಠಕ್ಕೆ ಅವಳು ಪತ್ರ ಬರೆದಿದ್ದಳು. ಅಲ್ಲಿಯ ಹಿರಿಯ ಮದರ್, ಬರಿಗೈಯಲ್ಲಿ ಬಂದರೆ ನಮಗೆ ಸಂತೋಷ, ಸಾಲದ ಕೈಯಲ್ಲಿ ಮಾತ್ರ ಬರಬೇಡ ಎಂದು ಉತ್ತರ ಬರೆದಿದ್ದರಂತೆ. ಹೊಸಬರನ್ನು ಸೇರಿಸಿಕೊಳ್ಳುವುದು ವರ್ಷಕ್ಕೊಮ್ಮೆ, ಜೂನ್‌ನಲ್ಲಿ. ಅಷ್ಟರೊಳಗೆ ಸಾಲ ತೀರಿದ ಕಾಗದ ಕೈಯಲ್ಲಿರಬೇಕು. ನಮ್ಮ ಕಡೆ ಹುಡುಗಿಯ ಮದುವೆಯೆಂದರೆ ಮನೆಯವರೆಲ್ಲ ಸಾಲಕ್ಕೆ ಬೀಳುತ್ತಾರೆ. ಇವಳು ದೇವರ ಮನೆಗೆ ಹೋಗಲು ಸಾಲದಿಂದ ಏಳಬೇಕಿತ್ತು.

ನಿನ್ನ ಜೊತೆ ನಾನೂ ಖರ್ಚು ಕಡಿಮೆ ಮಾಡುತ್ತೇನೆ, ನಾಳೆಯಿಂದ ಈ ಮನೆಗೆ ಕಾಫಿಪುಡಿ ತರುವುದಿಲ್ಲ ಎಂದು ಘೋಷಿಸಿದೆ. ಎರಡು ದಿನ ತಲೆನೋವಿನಲ್ಲಿ ಮಕ್ಕಳ ಮೇಲೆ ಕೂಗಾಡಿದೆ. ಮೂರನೆಯ ದಿನ ಶಾಲೆಯ ಹೆಡ್‌ಬಾಯಿಯವರ ಮನೆಗೆ ಹಾಜರಿ ಪುಸ್ತಕದ ನೆವ ಮಾಡಿಕೊಂಡು ಹೋಗಿ ಎರಡು ಲೋಟ ಕುಡಿದು ಬಂದೆ. ನಾಲ್ಕನೆಯ ದಿನ ಫಿಲೋಮಿನಾಳೇ ಪೇಟೆಯಿಂದ ಪುಡಿ ತಂದು ಡಬ್ಬಿಯಲ್ಲಿಟ್ಟಳು. ನನ್ನ ತಪಸ್ಸಿನಿಂದ ಅವಳಿಗೆ ಖರ್ಚೇ ಹೆಚ್ಚಾಯಿತು.

ಆ ವರ್ಷ ಜನವರಿಗೆ ಸಾಲದಲ್ಲಿ ಉಳಿದದ್ದು ಬರಿಯ ನೂರಿಪ್ಪತ್ತು. ಗಣಿತದಲ್ಲಿ ದಡ್ಡಿಯಾದ ನಾನೂ ಅಂದು ಲೆಕ್ಕ ಹಾಕಿದೆ. ಜೂನ್‌ಗೆ ಇವಳು ಹೋಗುವುದು ಖಂಡಿತ. ಆಮೇಲೆ ನನ್ನನ್ನು ಎಬ್ಬಿಸುವವರು ಯಾರು, ಅನ್ನ ಬೇಯಿಸುವವರು ಯಾರು ಎಂದೇ ಮೊದಲು ಚಿಂತೆ ಬಂತು. ಸಂಜೆ ಯಾರೊಡನೆ ಮಾತಾಡಲಿ ಎಂಬುದು ಸ್ವಲ್ಪ ತಡವಾಗಿ ಬಂತು. ಬಂದದ್ದು ಮಾತ್ರ ಹೋಗಲಿಲ್ಲ.

ಅದೇ ಹೊತ್ತಿಗೆ ಸಾಲ್ವದೋರ ಬಂದ. ತಂಗಿ ಪಾಠಕ್ಕೆ ಹೋದ ಸಮಯ ನೋಡಿ ಬಂದಿದ್ದ. ಲಾರಿಯನ್ನು ದೂರ ನಿಲ್ಲಿಸಿ, ಟೊಪ್ಪಿಗೆ ಕೈಯಲ್ಲಿ ಹಿಡಿದು ಜಗಲಿಯ ತುದಿಯಲ್ಲಿ ಕೂತ. ತಾಯಿ ಸಾಯುವಾಗ ತಂಗಿಗೆ ಒಂಬತ್ತು ವರ್ಷ, ತಾನೇ ಜಡೆ ಹಾಕಿ ಶಾಲೆಗೆ ಕಳಿಸಿದ್ದು, ಅಂಕೋಲೆಯ ಕಡೆ ಒಳ್ಳೆಯ ಗಂಡು ನೋಡಿಟ್ಟಿದ್ದೇನೆ ಎಂದೆಲ್ಲ ಹೇಳಿದ.

“ನೀವು ಹೇಳಿದ್ರೆ ಕೇಳ್ತಾಳೆ ಅಕ್ಕೋರೇ. ನಾನು ಹೇಳಿದ್ರೆ ನನ್ನ ಕೈಗೇ ಜಪಮಾಲೆ ಕೊಡ್ತಾಳೆ.”

ಹೇಳಿ ಪ್ರಯೋಜನವಿಲ್ಲ, ಏನಾದರೂ ಮಾಡೋಣ ಎಂದು ನಾನು ಬಹಳ ತಿಳಿದವಳಂತೆ ತಲೆಯಾಡಿಸಿದೆ. ಮಾಡಿದ್ದು ಇಷ್ಟು: ನಾಲ್ಕು ದಿನ ಬಿಟ್ಟು ಫಿಲೋಮಿನಾಳ ಮುಂದೆ ಮುಖ ಸಣ್ಣ ಮಾಡಿಕೊಂಡು ಕೂತೆ. ನಮ್ಮ ಮಾವನಿಗೆ ಹುಬ್ಬಳ್ಳಿಯಲ್ಲಿ ಆಪರೇಶನ್ ಅಂತೆ, ನಲವತ್ತು ರೂಪಾಯಿ ಬೇಕಿತ್ತು ಎಂದೆ. ಅವಳು ಒಂದು ನಿಮಿಷ ನನ್ನನ್ನು ನೋಡಿದಳು. ಒಳಗೆ ಹೋಗಿ ಟ್ರಂಕು ತೆರೆದು ನಲವತ್ತು ರೂಪಾಯಿ ತಂದು ಕೊಟ್ಟಳು. ಎಂದು ಮರಳಿಸುತ್ತೀರಿ ಎಂದೂ ಕೇಳಲಿಲ್ಲ.

ನನ್ನ ಯೋಜನೆ ಪಾಪದ್ದಾದರೂ ಪ್ರಾಮಾಣಿಕವಾಗಿತ್ತು. ದುಡ್ಡನ್ನು ಮುಟ್ಟದೆ ಇಟ್ಟುಕೊಂಡು, ಜೂನ್ ದಾಟಿದ ಕೂಡಲೇ ಮರಳಿಸುವುದು. ಅವಳಿಗೆ ನಷ್ಟವಿಲ್ಲ, ನನಗೆ ಒಂದು ವರ್ಷ ಲಾಭ. ಆದರೆ ಮುಟ್ಟದೆ ಇಡುವುದಕ್ಕೆ ಬೇರೆ ಸ್ವಭಾವವೇ ಬೇಕು. ಟೆಂಟ್ ಸಿನಿಮಾ ಬಂತು. ಕೊಡೆಯ ಕಡ್ಡಿ ಮುರಿಯಿತು. ಬಟ್ಟೆ ಮಾರುವವನು ಹಸಿರು ಇಳಕಲ್ ಸೀರೆಯೊಂದನ್ನು ನಮ್ಮ ಜಗಲಿಯ ಮೇಲೇ ಹರಡಿ ಕೂತ. ಮಾರ್ಚ್ ಮುಗಿಯುವಷ್ಟರಲ್ಲಿ ನನ್ನ ಮಾವನ ಆಪರೇಶನ್‌ಗೆಂದು ತಂದ ದುಡ್ಡು ಪೂರಾ ಖರ್ಚಾಗಿತ್ತು.

ಈಸ್ಟರ್ ಹಬ್ಬ ಕಳೆದು ವಾರವಾಗಿರಬೇಕು. ಫಿಲೋಮಿನಾ ಸ್ನಾನ ಮಾಡಿ ಕೂದಲು ಬಾಚುತ್ತಿದ್ದಳು. ಅವಳ ಕಿವಿಯಲ್ಲಿ ಎರಡು ಕಸಬರಿಗೆ ಕಡ್ಡಿಯ ಚೂರು ಕಂಡಿತು. ತೂತು ಮುಚ್ಚದಿರಲೆಂದು ಬಡವರ ಮಕ್ಕಳಿಗೆ ಇಡುತ್ತಾರಲ್ಲ, ಹಾಗೆ. ಆ ಕಿವಿಯಲ್ಲಿ ಅವಳ ತಾಯಿಯ ಬಂಗಾರದ ಬೆಂಡೋಲೆ ಇರುತ್ತಿದ್ದವು. ಎಲ್ಲಿ ಎಂದು ಕೇಳಿದೆ. ಪೇಟೆಯ ಅಕ್ಕಸಾಲಿಗನಿಗೆ ನಲವತ್ತಕ್ಕೆ ಕೊಟ್ಟು, ಕೊನೆಯ ಕಂತನ್ನು ಮನಿಯಾರ್ಡರ್ ಮಾಡಿ ಬಂದೆ ಎಂದಳು.

ನಾನು ಅಲ್ಲೇ ಕೂತುಬಿಟ್ಟೆ. ಆಪರೇಶನ್ ಸುಳ್ಳು, ಮಾವ ಸುಳ್ಳು, ನೀನು ಹೋಗಬಾರದೆಂದೇ ಮಾಡಿದ್ದು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಬಾಚಣಿಗೆ ಕೆಳಗಿಟ್ಟಳು.

“ಗೊತ್ತಿತ್ತು ಶಾಂತಕ್ಕ. ನಿಮಗೆ ಮಾವನೇ ಇಲ್ಲ ಅಂತ ನೀವೇ ಒಂದ್ಸಲ ಹೇಳಿದ್ರಿ.”

“ಮತ್ತೆ ಯಾಕ ಕೊಟ್ಟಿ?”

“ನಂಗೂ ಹೋಗೋಕೆ ಹೆದರಿಕೆ ಇತ್ತು. ನೀವು ದುಡ್ಡು ಕೇಳಿದಾಗ, ಒಂದು ವರ್ಷ ಸಿಕ್ತಲ್ಲ ಅಂತ ಸಮಾಧಾನ ಆಯ್ತು. ಯಾರಿಗೂ ಹೇಳ್ಲಿಲ್ಲ, ಪಾದ್ರಿಗೂ ಹೇಳ್ಲಿಲ್ಲ.”

“ಈಗ ಹೆದರಿಕೆ ಹೋತೇನು?”

“ಇಲ್ಲ. ಆದ್ರೆ ಮುಂದಿನ ವರ್ಷನೂ ಇಷ್ಟೇ ಇರ್ತದೆ. ಅದಕ್ಕೆ ಈಗ್ಲೇ ಹೋಗ್ತೆ.”

ಇಬ್ಬರೂ ಸ್ವಲ್ಪ ಅತ್ತೆವು. ನಾನು ಸ್ವಲ್ಪ ಹೆಚ್ಚು ಅತ್ತೆ, ಯಾಕೆಂದರೆ ನನ್ನ ಕೈಯಲ್ಲಿ ಹಣವಿರಲಿಲ್ಲ.

ಮರುದಿನವೇ ಬನವಾಸಿಗೆ ಹೋದೆ. ಅಂಗಡಿಯಲ್ಲಿ ಗಿರಾಕಿಗಳು ಇಲ್ಲದ ಹೊತ್ತು ನೋಡಿ ಅಪ್ಪನೆದುರು ನಿಂತು ನಲವತ್ತೈದು ರೂಪಾಯಿ ಕೇಳಿದೆ. ಅಪ್ಪ ಕಾರಣ ತಿಳಿಯದೆ ಕಾಲಾಣೆಯನ್ನೂ ಬಿಚ್ಚುವವರಲ್ಲ. ಎಲ್ಲವನ್ನೂ ಹೇಳಬೇಕಾಯಿತು, ಇಳಕಲ್ ಸೀರೆಯನ್ನೂ ಸೇರಿಸಿ. ಅದನ್ನು ಉಟ್ಟುಕೊಂಡೇ ಹೋಗಿದ್ದೆ. ಅವರು ತಕ್ಕಡಿಯ ಮೇಲಿನ ಬೆಲ್ಲದ ಚೂರು ತೆಗೆದು ಬಾಯಿಗೆ ಹಾಕಿಕೊಂಡು ಎಲ್ಲ ಕೇಳಿದರು.

“ಹಂಗಾರ ಆಕಿ ಸಾಲ ತೀರಿಸಿ ದೇವರ ಕಡೆ ಹೊಂಟಾಳ. ನೀ ಸಾಲ ಮಾಡಿ ನನ್ನ ಕಡೆ ಬಂದಿ.”

ಅಷ್ಟೇ ಹೇಳಿದ್ದು. ದುಡ್ಡು ಎಣಿಸಿ ಕೊಟ್ಟು, ಹುಡುಗಿಯ ಹಾದಿಗೆಂದು ಎರಡು ಸೇರು ಸಕ್ಕರೆಯನ್ನೂ ಕಟ್ಟಿಕೊಟ್ಟರು. ಅಕ್ಕಸಾಲಿಗ ಬೆಂಡೋಲೆಗಳನ್ನು ಪುಣ್ಯಕ್ಕೆ ಕರಗಿಸಿರಲಿಲ್ಲ. ಮೂರು ರೂಪಾಯಿ ಹೆಚ್ಚು ಹಿಡಿದು ಮರಳಿಸಿದ.

ಮೇ ಕೊನೆಗೆ ಸಾಲ ತೀರಿದ ಕಾಗದ ಬಂತು. ಅದನ್ನು ಅವಳು ಎರಡು ಸಲ ಓದಿ ಪ್ರಾರ್ಥನೆ ಪುಸ್ತಕದೊಳಗೆ ಇಟ್ಟಳು. ಹೊರಡುವ ದಿನ ಬೆಳಿಗ್ಗೆ, ತಾನು ಬರುವುದೇ ಇಲ್ಲ ಎಂದು ಹೇಳಿ ಕಳಿಸಿದ್ದ ಸಾಲ್ವದೋರ ಲಾರಿಯೊಡನೆ ಬಾಗಿಲಿಗೇ ಬಂದು ನಿಂತಿದ್ದ. ಕುಮಟೆಗೆ ನಾಟಾ ಇದೆ, ಹೇಗೂ ಹೋಗುವುದೇ, ಅಲ್ಲಿಯ ತನಕ ಬಿಡುತ್ತೇನೆ, ಮುಂದೆ ಬಸ್ಸಿಗೆ ಹತ್ತಲಿ ಎಂದು ರಸ್ತೆಯನ್ನು ನೋಡುತ್ತ ಹೇಳಿದ. ಲಾರಿಯಲ್ಲಿ ಒಂದು ತುಂಡು ಮರವೂ ಇರಲಿಲ್ಲ. ನಾನು ಬೆಂಡೋಲೆಗಳನ್ನು ಫಿಲೋಮಿನಾಳ ಕೈಗಿಟ್ಟೆ. ಇನ್ನು ನನಗೇಕೆ ಎಂದು ಅವಳು ಅವನ್ನು ಅಣ್ಣನ ಅಂಗೈಯಲ್ಲಿಟ್ಟು, ಅವನ ಮಗಳಿಗೆಂದು ಕೊಂಕಣಿಯಲ್ಲಿ ಏನೋ ಹೇಳಿದಳು. ಅವನು ಇಂಜಿನ್ ಒರೆಸುವ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡ. ಎರಡೂ ಕೆನ್ನೆಗೆ ಕಪ್ಪು ಎಣ್ಣೆ ಬಳಿದುಕೊಂಡಿತು. ಅವಳು ಸೆರಗಿನಿಂದ ಅದನ್ನು ಒರೆಸುತ್ತಿದ್ದಾಗ ನಾನು ಬೇರೆ ಕಡೆ ತಿರುಗಿದೆ.

ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯಬೇಕಿರಲಿಲ್ಲ. ಸಾಲ್ವದೋರ ಒಳ್ಳೆಯ ಮನುಷ್ಯ, ಆದರೆ ಬಾಯಿ ಸುಮ್ಮನಿರುವುದಿಲ್ಲ. ಬೇರೆ ಧರ್ಮದವರಾದರೂ ಅಕ್ಕೋರು ಸ್ವಂತ ದುಡ್ಡು ಹಾಕಿ ನಮ್ಮ ತಾಯಿಯ ಬೆಂಡೋಲೆ ಬಿಡಿಸಿಕೊಟ್ಟರು ಎಂದು ಅವನು ಯಲ್ಲಾಪುರದಿಂದ ಶಿರಸಿಯವರೆಗೆ ಲಾರಿ ನಿಲ್ಲಿಸಿದಲ್ಲೆಲ್ಲ ಹೇಳಿದ. ಪಾದ್ರಿಗಳೇ ದಾರಿಯಲ್ಲಿ ಸೈಕಲ್ ನಿಲ್ಲಿಸಿ ನನಗೆ ಕೈಮುಗಿದರು. ಆ ಡಿಸೆಂಬರ್‌ನಲ್ಲಿ ಮೂರು ಮನೆಗಳಿಂದ ಕ್ರಿಸ್ಮಸ್ ತಟ್ಟೆ ಬಂತು. ಕೊಬ್ಬರಿ, ಎಳ್ಳು ತುಂಬಿದ ಅವರ ನೆವ್ರಿಯನ್ನು ತಿಂದವರೇ ಬಲ್ಲರು. ಆಮೇಲೆ ವರ್ಷವರ್ಷವೂ ಬರುತ್ತಿದೆ, ಈಗ ಐದು ಮನೆಗಳಿಂದ. ನಿಜ ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದೆ. ಮೊದಲನೆಯ ಸಲ ಪಾದ್ರಿಗಳ ಸೈಕಲ್ ಹೊರಟುಬಿಟ್ಟಿತು, ಎರಡನೆಯ ಸಲ ಬಾಯಿಯಲ್ಲಿ ನೆವ್ರಿ ಇತ್ತು. ಈ ವರ್ಷ ಏನಾದರಾಗಲಿ ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಆದರೆ ಡಿಸೆಂಬರ್ ಶುರುವಾಗಿ ವಾರವಾಯಿತು. ಅವರೆಲ್ಲ ಈಗಾಗಲೇ ಕೊಬ್ಬರಿ ತುರಿದಿಟ್ಟಿರುತ್ತಾರೆ. ಇಂಥ ಹೊತ್ತಿನಲ್ಲಿ ಹೋಗಿ ಅವರ ಮನಸ್ಸಿಗೆ ಬೇಸರ ಮಾಡುವುದು ನನಗೆ ಸರಿಯೆನಿಸುವುದಿಲ್ಲ.